ಎದೆಯ ಮೇಲಿನ ಪಿನ್ನು, ಪಂಚಾಯತಿಯ ಮಳೆಮಾಪಕ

ಹವಳಗಾ ಎಂದೊಡನೆ ಅಫಜಲಪುರ ಸೀಮೆಯ ಕಬ್ಬು ಬೆಳೆಗಾರರಿಗೆ ನೆನಪಾಗುವುದು ಅಲ್ಲಿಯ ಸಕ್ಕರೆ ಕಾರ್ಖಾನೆ. ನೀರು ಸಿಕ್ಕಲ್ಲಿ ಕಬ್ಬು, ಮಳೆಯನ್ನೇ ನಂಬಿದ ಎರೆ ಹೊಲದಲ್ಲಿ ತೊಗರಿ. ಆ ಹೊಲದ ಬದುವಿನ ಮೇಲೆ ನಿಂತು ರೈತನೊಬ್ಬ ‘ತೊಗರಿಗಿ ಹುಳ ಬಿದ್ದಾವ, ಯಾವ ಎಣ್ಣಿ ಹೊಡೀಲಿ?’ ಎಂದು ಯಂತ್ರವೊಂದನ್ನು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಉತ್ತರ ಹೇಳಲು ಅವನ ಕಿಸೆಯ ಫೋನು ಸಾಲದೆ? ಬೇರೆಯೇ ಒಂದು ಸಾಧನ ಬೇಕೆ? ಕೃತಕ ಬುದ್ಧಿಮತ್ತೆಗೆಂದೇ ಮಾರುಕಟ್ಟೆಗೆ ಬಂದ ಪಿನ್ನು, ಪದಕ, ಪುಟ್ಟ ಪೆಟ್ಟಿಗೆಗಳ ಅಬ್ಬರವನ್ನು ಈ ಪ್ರಶ್ನೆಯಿಂದ ಅಳೆಯಬಹುದು.

ಅವುಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಅಮೆರಿಕದ ಹ್ಯೂಮೇನ್ ಕಂಪನಿಯ ಎಐ ಪಿನ್. ಅಂಗಿಗೆ ಸಿಕ್ಕಿಸಿಕೊಂಡು ಮಾತಾಡಿಸಿದರೆ ಸಾಕು, ಪರದೆಯೇ ಬೇಡ, ಬೇಕೆನಿಸಿದರೆ ಅಂಗೈ ಮೇಲೆ ಲೇಸರ್ ಬೆಳಕಿನ ಅಕ್ಷರ ಮೂಡುತ್ತದೆ ಎಂಬುದು ಭರವಸೆ. ಬೆಲೆ 699 ಡಾಲರ್, ಅದರ ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ಪಿನ್ನಿನ ಬೆಲೆ ಅಂದಿನ ಲೆಕ್ಕದಲ್ಲಿ ಸುಮಾರು 58 ಸಾವಿರ ರೂಪಾಯಿ. ಕ್ವಿಂಟಲ್‌ಗೆ 7,550 ರೂಪಾಯಿಯ 2024-25ರ ಬೆಂಬಲ ಬೆಲೆಯಲ್ಲಿ ಏಳೂವರೆ ಕ್ವಿಂಟಲ್‌ಗೂ ಹೆಚ್ಚು ತೊಗರಿ ಮಾರಿದರೆ ಬರುವ ಹಣ ಅದು. 2024ರ ಏಪ್ರಿಲ್‌ನಲ್ಲಿ ಗ್ರಾಹಕರ ಕೈಸೇರಿದ ಪಿನ್ ಬೇಗ ಬಿಸಿಯಾಗುತ್ತಿತ್ತು, ಉತ್ತರಕ್ಕೆ ಕಾಯಿಸುತ್ತಿತ್ತು, ಕೆಲವೊಮ್ಮೆ ತಪ್ಪನ್ನೇ ಹೇಳುತ್ತಿತ್ತು. 2025ರ ಫೆಬ್ರವರಿಯಲ್ಲಿ ಕಂಪನಿಯ ಆಸ್ತಿಯ ಬಹುಭಾಗವನ್ನು ಎಚ್‌ಪಿ 116 ಮಿಲಿಯನ್ ಡಾಲರಿಗೆ ಕೊಂಡಿತು. ಅದೇ ತಿಂಗಳ 28ರಂದು ಸರ್ವರ್ ಬಂದ್ ಆಯಿತು. ಅಂದಿನಿಂದ ಆ ಪಿನ್ ಹೆಚ್ಚುಕಡಿಮೆ ನಿರುಪಯುಕ್ತ.

ಅದೇ ಕಾಲದ ರ್‍ಯಾಬಿಟ್ ಆರ್1 ಎಂಬ ಕಿತ್ತಳೆ ಬಣ್ಣದ ಪೆಟ್ಟಿಗೆ 199 ಡಾಲರಿಗೇ ಸಿಗುತ್ತಿತ್ತು. ಮಾರಾಟಕ್ಕೆ ಬಂದ ಕೆಲವೇ ದಿನಗಳಲ್ಲಿ, ಅದರೊಳಗಿನ ತಂತ್ರಾಂಶ ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆಂದು ಬಲ್ಲವರು ತೋರಿಸಿಬಿಟ್ಟರು.

ಇವು ಎಡವಿದ್ದೇಕೆ ಎಂದು ತಿಳಿಯಲು ಆ ರೈತನ ಪ್ರಶ್ನೆಯ ಬೆನ್ನುಹತ್ತಬೇಕು. ಮೊದಲು ಗಾಳಿಯ ಸದ್ದಿನ ನಡುವೆ ಅವನ ದನಿಯನ್ನು ಮೈಕ್ ಹಿಡಿಯಬೇಕು. ಆ ದನಿ ನೆಟ್‌ವರ್ಕ್ ಮೂಲಕ ದೂರದ ಸರ್ವರ್ ಸೇರಬೇಕು. ಅಲ್ಲಿ ಒಂದು ತಂತ್ರಾಂಶ ಕಲಬುರಗಿಯ ಮಾತನ್ನು ಅಕ್ಷರಕ್ಕಿಳಿಸುತ್ತದೆ, ಇನ್ನೊಂದು ಉತ್ತರ ಹೊಂದಿಸುತ್ತದೆ, ಮತ್ತೊಂದು ಅದನ್ನು ದನಿಯಾಗಿಸಿ ವಾಪಸ್ ಕಳಿಸುತ್ತದೆ. ಒಂದೊಂದು ಹಂತಕ್ಕೂ ಸಮಯ ಹಿಡಿಯುತ್ತದೆ, ಮೊದಲ ಹಂತದ ತಪ್ಪು ಕೊನೆಯವರೆಗೂ ಉಳಿಯುತ್ತದೆ. ಇಷ್ಟರಲ್ಲಿ ಸಾಧನದ ಪಾಲಿನ ಕೆಲಸ ಬಹಳ ಸಣ್ಣದು: ಮೈಕು, ಕ್ಯಾಮೆರಾ, ಸ್ಪೀಕರು, ಬ್ಯಾಟರಿ. ಬುದ್ಧಿ ಇರುವುದು ಸರ್ವರಿನಲ್ಲಿ. ಆ ನಾಲ್ಕೂ ಫೋನಿನಲ್ಲಿವೆ, ಇನ್ನೂ ದೊಡ್ಡದಾಗಿಯೇ ಇವೆ. ಆರ್1ರ ಬ್ಯಾಟರಿ 1,000 ಎಂಎಎಚ್. ನಮ್ಮ ಕಡೆ ಹತ್ತು-ಹನ್ನೆರಡು ಸಾವಿರಕ್ಕೆ ಸಿಗುವ ಫೋನಿನಲ್ಲೂ 5,000 ಎಂಎಎಚ್ ಇರುತ್ತದೆ. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಎರಡೂ ಮೂಕವಾದರೂ ಫೋನಿನ ಟಾರ್ಚಾದರೂ ಉರಿಯುತ್ತದೆ.

ಈ ಕಥೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಾತ್ರದ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರು. ಓದು ಬಾರದವರಿಗೂ ನಮ್ಮ ಭಾಷೆಗಳಲ್ಲೇ ಮಾಹಿತಿ ಓದಿ ಹೇಳಬೇಕು, ಸ್ಮಾರ್ಟ್ ಕಾರ್ಡ್ ಹಾಕಿ ಊರಿನ ಹಲವರು ಒಂದನ್ನೇ ಬಳಸಬೇಕು ಎಂಬುದು ಅವರ ಆಸೆ. ಈಗಿನ ಪಿನ್ನುಗಳಿಗಿಂತ ಎಷ್ಟೋ ಉದಾತ್ತವಾದ ಕಲ್ಪನೆ ಎಂದೇ ನನ್ನ ಎಣಿಕೆ. 2004ರಲ್ಲಿ ಬಿಇಎಲ್ ಜತೆಗೂಡಿ ‘ಅಮಿದಾ’ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ. ಅಷ್ಟರೊಳಗೆ ಅಗ್ಗದ ಮೊಬೈಲ್ ಹಳ್ಳಿಹಳ್ಳಿಗೆ ಕಾಲಿಟ್ಟಿತ್ತು.

ಹಾಗೆಂದು ಪ್ರತ್ಯೇಕ ಸಾಧನಗಳೆಲ್ಲ ದಂಡ ಎನ್ನಲಾಗದು. ಕಲಬುರಗಿ ಭಾಗದ ಬೆಳೆಗಳಿಗೆಂದೇ ರಾಯಚೂರು ಕೃಷಿ ವಿಶ್ವವಿದ್ಯಾಲಯವು ತೆನೆ ಎಂಬ ಕಂಪನಿಯೊಂದಿಗೆ ‘ಇ-ಸ್ಯಾಪ್’ ಎಂಬ ಸಾಧನವನ್ನು ರೂಪಿಸಿತು. ಕ್ಷೇತ್ರ ಸಿಬ್ಬಂದಿ ಅದನ್ನು ಕೈಯಲ್ಲಿ ಹಿಡಿದು ಹೊಲಕ್ಕಿಳಿದು, ಚಿತ್ರಗಳನ್ನು ಗಿಡದೊಂದಿಗೆ ಹೋಲಿಸುತ್ತ ಕೀಟ, ರೋಗ, ಪೋಷಕಾಂಶದ ಕೊರತೆಯನ್ನು ಗುರುತಿಸಬಹುದಿತ್ತು. ಇಂಟರ್ನೆಟ್ ಇಲ್ಲದೆಯೂ ಅದು ಕೆಲಸ ಮಾಡುತ್ತಿತ್ತು. ಬುದ್ಧಿ ಸಾಧನದ ಒಳಗೇ ಇತ್ತು, ಜತೆಗೆ ಬೆಳೆ ಬಲ್ಲ ಮನುಷ್ಯನೊಬ್ಬ ಇದ್ದ.

ನನ್ನ ಮಟ್ಟಿಗೆ ಇನ್ನೂ ಒಳ್ಳೆಯ ಉದಾಹರಣೆ ಮಳೆಮಾಪಕದ್ದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದೆ. ಒಳಗೊಂದು ಪುಟ್ಟ ಬಟ್ಟಲು. ಇಂತಿಷ್ಟು ನೀರು ತುಂಬಿದೊಡನೆ ಮಗುಚಿಕೊಳ್ಳುತ್ತದೆ, ಎಷ್ಟು ಸಲ ಮಗುಚಿತು ಎಂಬುದೇ ಮಳೆಯ ಲೆಕ್ಕ. ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಅದು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ವರದಿ ಕಳಿಸುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಈ ಅಂಕಿಗಳೇ ಆಧಾರ. ಈ ಕೆಲಸ ಯಾವ ಫೋನಿಗೂ ಬಾರದು. ಮಣ್ಣಿನ ತೇವ, ಹಾಲಿನ ಕೊಬ್ಬು, ಕಬ್ಬಿನ ಸಿಹಿ ಅಳೆಯುವ ಉಪಕರಣಗಳೂ ಇದೇ ಸಾಲಿನವು. ಫೋನಿಗಿಲ್ಲದ ಇಂದ್ರಿಯವೊಂದು ಇವಕ್ಕಿದೆ. ಕೃತಕ ಬುದ್ಧಿಮತ್ತೆ ಇಂಥ ಉಪಕರಣದ ಹಿಂದೆ ಕೂತು ಅಂಕಿಗಳನ್ನು ಓದಿದರೆ ರೈತನಿಗೆ ದಕ್ಕುವುದು ಬಹಳ. ಪಿನ್ನು, ಪದಕಗಳಿಗೆ ಅಂಥ ಇಂದ್ರಿಯ ಯಾವುದೂ ಇರಲಿಲ್ಲ. ಆದ್ದರಿಂದ ಅವುಗಳ ಬಗ್ಗೆ ಎದ್ದ ಅಬ್ಬರಕ್ಕೆ ಆಧಾರವಿರಲಿಲ್ಲ ಎಂದೇ ಹೇಳಬೇಕು.

ಮುಂದೆ ಇನ್ನೂ ಹೊಸ ಸಾಧನಗಳು ಬರುತ್ತವೆ, ಹಳ್ಳಿಗೂ ಬರುತ್ತವೆ. ಕೃಷಿ ಮೇಳದ ಮಳಿಗೆಯಲ್ಲಿ ಯಾರಾದರೂ ಅಂಥದ್ದನ್ನು ಕೈಗಿತ್ತರೆ ದುಡ್ಡು ಕೊಡುವ ಮುನ್ನ ಅದರ ಇಂಟರ್ನೆಟ್ ಬಂದ್ ಮಾಡಿಸಿ, ನಿಮ್ಮೂರಿನ ಮಾತಿನಲ್ಲೇ ನಿಮ್ಮ ಬೆಳೆಯ ಬಗ್ಗೆ ಒಂದು ಪ್ರಶ್ನೆ ಕೇಳಿ. ಕಂಪನಿ ಬಾಗಿಲು ಹಾಕಿದರೆ ಇದು ನಡೆಯುತ್ತದೆಯೇ ಎಂದೂ ವಿಚಾರಿಸಿ, ಉತ್ತರವನ್ನು ಬರೆಸಿಕೊಳ್ಳಿ.