ಡಾಂಬರು ರಸ್ತೆಯಲ್ಲಿ ಹಿಮದ ತಾಲೀಮು

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸ್ಕೀ ತಂಡ ಚಳಿಗಾಲದ ಸ್ಪರ್ಧೆಗೆ ಬೇಸಿಗೆಯಿಂದಲೇ ಅಣಿಯಾಗುತ್ತದೆ

ಸ್ಕೀ ಎಂದೊಡನೆ ನಮಗೆ ನೆನಪಾಗುವುದು ಗುಲ್ಮಾರ್ಗ್‌ನ ಇಳಿಜಾರು, ಅಲ್ಲಿಂದ ಸೊಯ್ಯನೆ ಜಾರಿ ಬರುವ ಪ್ರವಾಸಿಗರು. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಆ ಸುಖ ಕಡಿಮೆ. ಇಲ್ಲಿ ಏರನ್ನು ಸ್ವಂತ ಕಾಲಿನಲ್ಲೇ ಹತ್ತಬೇಕು; ಸಮತಟ್ಟಿನಲ್ಲಿ ಎರಡು ಕೋಲು ಊರಿ ಮೈಯನ್ನು ಮುಂದಕ್ಕೆ ನೂಕಬೇಕು; ಇಳಿಜಾರು ಬಂದಾಗ ಉಸಿರೆಳೆದುಕೊಳ್ಳಲು ಒಂದಿಷ್ಟು ಪುರುಸೊತ್ತು, ಅಷ್ಟೇ. ತೋಳು, ಬೆನ್ನು, ತೊಡೆ ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಗುರಿ ಮುಟ್ಟಿದವರು ಹಿಮದ ಮೇಲೆಯೇ ಕುಸಿದು ಬೀಳುವುದು ಇಲ್ಲಿ ಮಾಮೂಲು.

ಈ ಆಟವನ್ನು ಅಮೆರಿಕದ ಕಾಲೇಜುಗಳಿಗೆ ಅಂಟಿಸಿದವರಲ್ಲಿ ನ್ಯೂ ಹ್ಯಾಂಪ್‌ಶೈರ್‌ ರಾಜ್ಯದ ಹ್ಯಾನೋವರ್‌ನಲ್ಲಿರುವ ಡಾರ್ಟ್‌ಮತ್ ಕಾಲೇಜಿನವರು ಮುಂಚೂಣಿಯಲ್ಲಿದ್ದಾರೆ. ಚಳಿಗಾಲವಿಡೀ ಹಾಸ್ಟೆಲಿನಲ್ಲಿ ಮುದುಡಿ ಕೂರುತ್ತಿದ್ದ ಸಹಪಾಠಿಗಳನ್ನು ಹೊರಗೆಳೆಯಲು ಫ್ರೆಡ್ ಹ್ಯಾರಿಸ್ ಎಂಬ ವಿದ್ಯಾರ್ಥಿ 1909ರಲ್ಲಿ ಅಲ್ಲಿ ಔಟಿಂಗ್ ಕ್ಲಬ್ ಕಟ್ಟಿದರು. 1911ರಲ್ಲಿ ಮೊದಲ ವಿಂಟರ್ ಕಾರ್ನಿವಲ್ ನಡೆಯಿತು. ಆ ಹಬ್ಬದ ಹೆಸರು ಸ್ಪರ್ಧೆಗಳಿಗೂ ಅಂಟಿಕೊಂಡಿದೆ. ಪೂರ್ವ ಅಮೆರಿಕದ ಕಾಲೇಜುಗಳ ಸ್ಕೀ ಕೂಟಗಳನ್ನು ಇಂದಿಗೂ ಕಾರ್ನಿವಲ್ ಎಂದೇ ಕರೆಯುತ್ತಾರೆ. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದ ಆಚೆಗೆ ಡಾರ್ಟ್‌ಮತ್‌ನವರಿಲ್ಲದ ಕೂಟವೇ ನಡೆದಿಲ್ಲ ಎಂಬುದು ಕಾಲೇಜಿನ ಹೆಮ್ಮೆ.

ಅಷ್ಟಾದರೂ ತಂಡದ ವರ್ಷದ ಹೆಚ್ಚಿನ ಪಾಲು ಹಿಮವಿಲ್ಲದೆಯೇ ಕಳೆಯುತ್ತದೆ. ಎರಡನೆಯ ವರ್ಷ ಮುಗಿಸಿದ ವಿದ್ಯಾರ್ಥಿಗಳು ಬೇಸಿಗೆಯಲ್ಲೂ ಕ್ಯಾಂಪಸ್ಸಿನಲ್ಲಿದ್ದು ಓದಬೇಕೆಂಬ ನಿಯಮ ಡಾರ್ಟ್‌ಮತ್‌ನಲ್ಲಿದೆ. ಸ್ಕೀ ಪಟುಗಳಿಗೆ ಇದು ವರವೇ ಸರಿ. ಪಾಠದ ನಡುವಿನ ಹೊತ್ತಿನಲ್ಲಿ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಗೆ ಇಳಿಯುತ್ತಾರೆ. ರೋಲರ್ ಸ್ಕೀ ಎಂದರೆ ಹೆಚ್ಚುಕಡಿಮೆ ಮೊಣಕಾಲೆತ್ತರದಷ್ಟು ಉದ್ದದ ಒಂದು ಪಟ್ಟಿ, ಎರಡು ತುದಿಗೂ ಒಂದೊಂದು ಚಕ್ರ. ಕ್ಲಾಸಿಕ್ ಶೈಲಿಯ ಅಭ್ಯಾಸಕ್ಕೆ ಬಳಸುವ ಜೋಡಿಯಲ್ಲಿ ಒಂದು ಚಕ್ರ ಹಿಂದಕ್ಕೆ ಉರುಳದಂತೆ ಕಚ್ಚಿ ಹಿಡಿಯುತ್ತದೆ. ಹಾಗಾಗಿ ಹಿಮದ ಮೇಲಿನಂತೆಯೇ ಕಾಲನ್ನು ಒತ್ತಿ ಮುಂದಕ್ಕೆ ಚಿಮ್ಮಬಹುದು. ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಕೋಲಿನ ತುದಿಯ ಗಟ್ಟಿ ಲೋಹ ರಸ್ತೆಗೆ ಟಕ್ ಟಕ್ ಎಂದು ಬಡಿಯುತ್ತಿರುತ್ತದೆ. ಇಳಿಜಾರಿನಲ್ಲಿ ಆಯ ತಪ್ಪಿದರೆ ಮೊಣಕೈ ಚರ್ಮ ಡಾಂಬರಿಗೆ ಅರ್ಪಣೆ.

ಶರತ್ಕಾಲ ಬಂತೆಂದರೆ ಕೋಲು ಹಿಡಿದು ಬೆಟ್ಟಕ್ಕೆ ಕುಪ್ಪಳಿಸುವುದು, ಭಾರ ಎತ್ತುವುದು, ಎದೆಬಡಿತ ಅಳೆಯುತ್ತ ಏರಿನಲ್ಲಿ ಮತ್ತೆ ಮತ್ತೆ ಓಡುವುದು. ಸುಮಾರು 1,460 ಮೀಟರ್ ಎತ್ತರದ ಮೂಸಿಲಾಕ್ ಬೆಟ್ಟಕ್ಕೆ ಸಮಯ ಹಿಡಿದು ಓಡುವ ಸಂಪ್ರದಾಯವೂ ಉಂಟು. ಆದರೆ ತರಬೇತಿಯ ಬಹುಪಾಲು ನಿಧಾನಗತಿಯದು, ಮಾತನಾಡುತ್ತಲೇ ಓಡಬಹುದಾದಷ್ಟು ಸಲೀಸಾದದ್ದು. ಹೃದಯ ಹೆಚ್ಚು ರಕ್ತ ದೂಡಲು, ಸ್ನಾಯು ಹೆಚ್ಚು ಆಮ್ಲಜನಕ ಬಳಸಲು ಕಲಿಯುವುದು ಈ ದೀರ್ಘ ದುಡಿಮೆಯಿಂದ. ದಿನಾ ಏದುಸಿರು ಬಿಟ್ಟು ಓಡಿದವರು ಜನವರಿ ಹೊತ್ತಿಗೆ ಸೋತು ಸುಣ್ಣವಾಗಿರುತ್ತಾರೆ. ಹೊಸಬರ ಹುರುಪನ್ನು ಹಿಡಿದು ನಿಲ್ಲಿಸುವುದೇ ಕೋಚ್‌ಗಳಿಗೆ ಕೆಲಸ.

ನವೆಂಬರ್‌ನಲ್ಲಿ ಹಿಮ ಹುಡುಕುವ ಪರದಾಟ ಆರಂಭ. ಡಾರ್ಟ್‌ಮತ್‌ನ ಶರತ್ಕಾಲದ ಅವಧಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆಯೇ ಮುಗಿದು, ಮುಂದಿನ ಅವಧಿ ಜನವರಿಯಲ್ಲಿ ತೆರೆಯುತ್ತದೆ. ಇಡೀ ಡಿಸೆಂಬರ್ ತಾಲೀಮಿಗೆ ಸಿಗುತ್ತದೆ. ಹಿಮ ಮಾತ್ರ ಕೇಳಿದಾಗ ಬೀಳುವುದಿಲ್ಲ. ಪಕ್ಕದ ವರ್ಮಾಂಟ್ ರಾಜ್ಯದ ಕ್ರಾಫ್ಟ್ಸ್‌ಬರಿ ಕೇಂದ್ರದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಚಳಿಗಾಲದಲ್ಲಿ ಯಂತ್ರದಿಂದ ತಯಾರಿಸಿದ ಹಿಮವನ್ನು ರಾಶಿ ಹಾಕಿ, ಮೇಲೆ ಮರದ ಚಕ್ಕೆ ಹೊದಿಸಿ ಬೇಸಿಗೆ ದಾಟಿಸುತ್ತಾರೆ. ನವೆಂಬರ್‌ನಲ್ಲಿ ಅದನ್ನೇ ಹರಡಿ ಸಣ್ಣದೊಂದು ಹಾದಿ ಮಾಡುತ್ತಾರೆ. ಸುತ್ತ ಕಂದು ಹುಲ್ಲು, ನಡುವೆ ಬಿಳಿ ಪಟ್ಟಿ. ಅದರ ಮೇಲೆ ಹಲವು ಕಾಲೇಜುಗಳ ಹುಡುಗ ಹುಡುಗಿಯರು ಸುತ್ತಿದ್ದೇ ಸುತ್ತಿದ್ದು.

ಹಿಮ ಸಿಕ್ಕಮೇಲೆ ಮೇಣದ ಚಿಂತೆ. ಕ್ರಾಸ್‌ಕಂಟ್ರಿಯಲ್ಲಿ ಎರಡು ಶೈಲಿ. ಫ್ರೀಸ್ಟೈಲ್‌ನಲ್ಲಿ ಐಸ್ ಸ್ಕೇಟಿಂಗ್‌ನವರಂತೆ ಕಾಲನ್ನು ಓರೆಯಾಗಿ ಒತ್ತುತ್ತಾರೆ. ಅಲ್ಲಿ ಜಾರುವ ಮೇಣ ಸಾಕು. ಕ್ಲಾಸಿಕ್‌ನಲ್ಲಿ ಹಿಮದಲ್ಲಿ ಕೊರೆದ ಜೋಡಿ ಗೀರುಗಳೊಳಗೆ ನೇರವಾಗಿ ಸಾಗಬೇಕು. ಅದೇ ಸ್ಕೀ ಜಾರಲೂ ಬೇಕು, ಹಿಡಿಯಲೂ ಬೇಕು. ಇದಕ್ಕೆಂದೇ ಸ್ಕೀಯ ನಡುಭಾಗ ತುಸು ಕಮಾನಾಗಿರುತ್ತದೆ. ಎರಡೂ ಕಾಲಿನ ಮೇಲೆ ನಿಂತಾಗ ಆ ಭಾಗ ಹಿಮಕ್ಕೆ ತಾಗುವುದಿಲ್ಲ. ಒಂದೇ ಕಾಲಿನಲ್ಲಿ ಬಲವಾಗಿ ಒತ್ತಿದಾಗ ಅಲ್ಲಿ ಸವರಿದ ಹಿಡಿತದ ಮೇಣ ಹಿಮವನ್ನು ಕಚ್ಚುತ್ತದೆ. ಥಂಡಿ ಹೆಚ್ಚಿದ್ದರೆ ಗಟ್ಟಿ ಮೇಣ, ಕಡಿಮೆಯಿದ್ದರೆ ಮೆತ್ತನೆಯದು, ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಹಲಸಿನ ಅಂಟಿನಂತೆ ಕೈಗೆ ಮೆತ್ತುವ ಕ್ಲಿಸ್ಟರ್. ಉಷ್ಣಾಂಶ ಸೊನ್ನೆಯ ಆಸುಪಾಸು ಸುಳಿದಾಡುವ ದಿನ ಯಾವುದೂ ಸರಿಹೋಗುವುದಿಲ್ಲ. ಸ್ಪರ್ಧಿಗಳು ಏಳುವ ಮೊದಲೇ ಕೋಚ್‌ಗಳು ಹಾದಿಗೆ ಹೋಗಿ ಸವರಿ, ಓಡಿ, ಕೆರೆದು, ಮತ್ತೆ ಸವರಿ ಹದ ಹುಡುಕುತ್ತಿರುತ್ತಾರೆ. ಚೆನ್ನಾಗಿ ಜಾರಿಸುತ್ತಿದ್ದ ಫ್ಲೋರಿನ್ ಮೇಣವನ್ನು ಆರೋಗ್ಯ ಮತ್ತು ಪರಿಸರದ ಕಾರಣಕ್ಕೆ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ನಿಷೇಧಿಸಿದೆ. ಕೈಚಳಕಕ್ಕೆ ಬೆಲೆ ಇನ್ನಷ್ಟು ಏರಿದೆ.

ಜನವರಿ ನಡುವಿನಿಂದ ವಾರಕ್ಕೊಂದರಂತೆ ಕಾರ್ನಿವಲ್‌ಗಳು ಸಾಗುತ್ತವೆ, ಸಾಮಾನ್ಯವಾಗಿ ಶುಕ್ರವಾರ ಮತ್ತು ಶನಿವಾರ. ಮಿಡಲ್‌ಬರಿ, ವರ್ಮಾಂಟ್ ವಿಶ್ವವಿದ್ಯಾಲಯ, ಬೇಟ್ಸ್, ಕೋಲ್ಬಿ ಮೊದಲಾದವು ಎದುರಾಳಿಗಳು. ಪ್ರತಿ ಓಟದಲ್ಲೂ ತಂಡದ ಮೊದಲ ಮೂವರ ಅಂಕಗಳಷ್ಟೇ ಲೆಕ್ಕಕ್ಕೆ. ಪುರುಷರು, ಮಹಿಳೆಯರು, ಕ್ರಾಸ್‌ಕಂಟ್ರಿಯವರು, ಇಳಿಜಾರಿನ ಆಲ್ಪೈನ್‌ನವರು ಎಲ್ಲರ ಅಂಕಗಳೂ ಒಂದೇ ಮೊತ್ತಕ್ಕೆ ಸೇರುತ್ತವೆ. ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ 1983ರಿಂದ ಇದೇ ಪದ್ಧತಿ. ಮಾರ್ಚ್‌ನ ಆ ಕೂಟಕ್ಕೆ ಒಂದು ಕಾಲೇಜಿನಿಂದ ಹೆಚ್ಚೆಂದರೆ ಮೂವರು ಕ್ರಾಸ್‌ಕಂಟ್ರಿ ಪುರುಷರು, ಮೂವರು ಮಹಿಳೆಯರು ಹೋಗಬಹುದು. ಹೀಗಾಗಿ ಋತುವಿನ ಮೊದಲ ಕಾರ್ನಿವಲ್‌ನಲ್ಲೇ ತಂಡದೊಳಗಿನ ಪೈಪೋಟಿಯೂ ಬಿಸಿಯೇರುತ್ತದೆ. ಡಾರ್ಟ್‌ಮತ್ ಈ ಪ್ರಶಸ್ತಿಯನ್ನು 2007ರಲ್ಲಿ ಏಕಾಂಗಿಯಾಗಿ ಗೆದ್ದಿತ್ತು.

ಮೊದಲ ವಾರ ಮುಗ್ಗರಿಸಿದವರಿಗೆ ಎಂಟೇ ದಿನದಲ್ಲಿ ಇನ್ನೊಂದು ಅವಕಾಶ ಇರುತ್ತದೆ. ಆರಂಭದಲ್ಲೇ ಜೋರು ಮಾಡಿ ಏರಿನಲ್ಲಿ ಬಸವಳಿದವಳು ಮುಂದಿನ ವಾರ ಬೇರೆ ಲೆಕ್ಕ ಹಾಕುತ್ತಾಳೆ. ಆಗಸ್ಟ್‌ನ ಡಾಂಬರು ಮೈಯನ್ನು ಗಟ್ಟಿ ಮಾಡೀತು. ಓಟದ ಜಾಣ್ಮೆ ಬರುವುದು ಓಟದಿಂದಲೇ.

ನಮ್ಮವರ ಕೊರತೆಯೂ ಇಲ್ಲೇ ಇದೆ. ಹಿಮವನ್ನೇ ಕಾಣದ ಕೊಡಗಿನಿಂದ ಹೊರಟ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕ್ರಾಸ್‌ಕಂಟ್ರಿ ಚಿನ್ನ ಗೆದ್ದು, ವಿಶ್ವ ಚಾಂಪಿಯನ್‌ಷಿಪ್‌ವರೆಗೂ ಹೋಗಿ ಬಂದಿದ್ದಾರೆ. ರೋಲರ್ ಸ್ಕೀಗೆ ಬೇಕಾದ ರಸ್ತೆಯೂ ಗುಡ್ಡವೂ ಕರ್ನಾಟಕದಲ್ಲಿ ಧಾರಾಳ. ಅವರಂಥವರಿಗೆ ಸಿಗದಿರುವುದು ವಾರವಾರವೂ ಓಡಿ, ಸೋತು, ಮತ್ತೆ ಓಡುವ ಇಂಥ ಸ್ಪರ್ಧೆಗಳ ಸಾಲು. ಹಿಮಾಲಯದ ತಪ್ಪಲಿನ ನಾಲ್ಕಾರು ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಅದನ್ನು ಕಟ್ಟಬಹುದು. ಡಾರ್ಟ್‌ಮತ್‌ನಲ್ಲೂ ಇದೆಲ್ಲ ಶುರುವಾದದ್ದು ಒಬ್ಬ ವಿದ್ಯಾರ್ಥಿ ಕಟ್ಟಿದ ಕ್ಲಬ್ಬಿನಿಂದಲೇ.