ಸೂರ್ಯಾಸ್ತದ ಲೆಕ್ಕಪತ್ರ

ಸೂರ್ಯಾಸ್ತವನ್ನು ನೋಡಲು ಹಣ ತೆರಬೇಕಾಗಿಲ್ಲ. ಆದರೆ ಅದನ್ನು ನೋಡಲು ನೆರೆಯುವ ಜನಸಂದಣಿಯ ವೆಚ್ಚವನ್ನು ಯಾರ ಖಾತೆಗೆ ಬರೆಯಬೇಕು? ಈ ಪ್ರಶ್ನೆಗೆ ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪವು ಉತ್ತಮ ನಿದರ್ಶನವಾಗಿದೆ.

ಸುಮಾರು 3,600 ವರ್ಷಗಳ ಹಿಂದಿನ ಜ್ವಾಲಾಮುಖಿ ಸ್ಫೋಟದಿಂದ ಇಂದಿನ ರೂಪ ತಳೆದ ಈ ದ್ವೀಪದ ಉತ್ತರ ತುದಿಯಲ್ಲಿ ಇಯಾ ಗ್ರಾಮವಿದೆ. ಅಲ್ಲಿನ ಹಳೆಯ ಕೋಟೆಯ ಅವಶೇಷಗಳ ಬಳಿ ನಿಂತರೆ, ಸೂರ್ಯನು ಏಜಿಯನ್ ಸಮುದ್ರದಲ್ಲಿ ಮುಳುಗುವ ಮನೋಹರ ದೃಶ್ಯ ಕಾಣುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಗ್ರಾಮದ ಕಿರಿದಾದ ಓಣಿಗಳಲ್ಲಿ ಕಾಲಿಡಲೂ ಸ್ಥಳವಿರುವುದಿಲ್ಲ.

ದ್ವೀಪದ ಜನಸಂಖ್ಯೆ ಸುಮಾರು 15,500. 2023ರಲ್ಲಿ ಬಂದ ಪ್ರವಾಸಿಗರು ಸುಮಾರು 34 ಲಕ್ಷ. ವಸತಿಗೃಹಗಳಲ್ಲಿ ತಂಗುವವರು ಬಾಡಿಗೆಯನ್ನೂ ತೆರಿಗೆಯನ್ನೂ ಕೊಡುತ್ತಾರೆ. ವಿಹಾರ ನೌಕೆಗಳಲ್ಲಿ ಬರುವವರಾದರೋ ಕೆಲವೇ ಗಂಟೆಗಳಿದ್ದು, ಊಟ ನಿದ್ರೆಗಳಿಗೆ ನೌಕೆಗೇ ಮರಳುತ್ತಾರೆ. ಅವರಿಂದ ಸ್ಥಳೀಯ ವರ್ತಕರಿಗೆ ದೊರೆಯುವ ಆದಾಯ ಕಡಿಮೆ. ರಸ್ತೆ, ನೀರು, ಕಸ ವಿಲೇವಾರಿಗಳ ಹೊರೆ ಮಾತ್ರ ಊರಿನದು.

ಈ ಅಸಮತೋಲನವನ್ನು ಸರಿಪಡಿಸಲು ಎರಡು ಕ್ರಮಗಳನ್ನು ಕೈಗೊಳ್ಳಲಾಯಿತು. ಮೊದಲನೆಯದಾಗಿ, ನೌಕೆಗಳಲ್ಲಿ ಬರುವ ಪ್ರವಾಸಿಗರಿಗೆ 2025ರಿಂದ ದಿನಕ್ಕೆ 8,000ದ ಮಿತಿಯನ್ನು ಗೊತ್ತುಪಡಿಸಲಾಯಿತು. ಎರಡನೆಯದಾಗಿ, ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅವರ ಮೇಲೆ ತಲಾ ಶುಲ್ಕ ಜಾರಿಗೆ ಬಂದಿತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 20 ಯೂರೊ, ಏಪ್ರಿಲ್, ಮೇ ಮತ್ತು ಅಕ್ಟೋಬರ್‌ಗಳಲ್ಲಿ 12, ಉಳಿದ ತಿಂಗಳುಗಳಲ್ಲಿ 4. ದಟ್ಟಣೆ ಹೆಚ್ಚಿದಂತೆ ದರವೂ ಏರುವುದು ಇದರ ವೈಶಿಷ್ಟ್ಯ.

ವರ್ತಕರು ಗಮನಿಸಬೇಕಾದ ಅಂಶವಿಷ್ಟೆ. ಪ್ರಕೃತಿಯು ಉಚಿತವಾಗಿ ಒದಗಿಸಿದ ಬಂಡವಾಳಕ್ಕೂ ಸವಕಳಿಯುಂಟು. ಅದಕ್ಕಾಗಿ ಹಣ ತೆಗೆದಿರಿಸದ ಊರು ಲಾಭವೆಂದು ಎಣಿಸುವ ಮೊತ್ತದಲ್ಲಿ ಬಂಡವಾಳವೇ ಕರಗುತ್ತಿರುತ್ತದೆ.