ಎಣ್ಣೆ ಡಬ್ಬಿಯ ಮೇಲಿನ ಕೆಂಪು ಗುರುತು

ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ತನ್ನ ಊರಿಗೆ ಹೋಗಿ ಬಂದಳು. ಅವಳದು ಯವತ್ಮಾಳ ಜಿಲ್ಲೆ, ನಾಗಪುರದಿಂದ ಸುಮಾರು 150 ಕಿ.ಮೀ. ದೂರದ ಹತ್ತಿ ಸೀಮೆ. ಬರುವಾಗ ಪ್ರೀತಿಯಿಂದ ನನಗೆಂದು ಅಗಸೆ ಎಣ್ಣೆ ತಂದಿದ್ದಳು. ತಂದದ್ದು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದರ ಮೇಲೆ ಅರ್ಧ ಕೆರೆದು ಹೋದ ಚೀಟಿ, ಚೀಟಿಯಲ್ಲಿ ತಲೆಬುರುಡೆ, ಅದರ ಕೆಳಗೊಂದು ಕೆಂಪು ತ್ರಿಕೋನ.

"ಕಾಕೂ, ಡಬಾ ಸ್ವಚ್ಛ ಧುತಲಾ ಆಹೆ" ಎಂದಳು. ಚೆನ್ನಾಗಿ ತೊಳೆದದ್ದೇನೋ ನಿಜ. ಆದರೆ ನನ್ನ ಕೈ ನಡುಗಿತು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರಲ್ಲ, ಅಲ್ಲಿಯೂ ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ. ನಮ್ಮ ಡಬ್ಬಿಯ ಚೀಟಿಯಲ್ಲಿ ಉಳಿದಿದ್ದ ಅಕ್ಷರಗಳೂ ಅದೇ ಹೆಸರಿನವು.

ನಮ್ಮ ದೇಶದಲ್ಲಿ ಕೀಟನಾಶಕದ ಡಬ್ಬಿಗೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣಗಳಿವೆ. ಕೆಂಪು ಎಂದರೆ ಅತ್ಯಂತ ವಿಷಕಾರಿ. ಇಂಥದ್ದನ್ನು ಮಾರಲು ಬಿಟ್ಟವರು ಯಾರು ಎಂದು ಸಿಟ್ಟು ಬಂತು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದು ಇಷ್ಟು ವರ್ಷ ಮಕ್ಕಳ ಹೋಂವರ್ಕಿಗಷ್ಟೇ ಆಗಿತ್ತು. ಈ ಸಲ ಕಾನೂನಿನ ಉದ್ದುದ್ದ ವಾಕ್ಯಗಳನ್ನು ಬಿಡಿಸುವುದಕ್ಕೆ ಒದಗಿತು.

ಹಲವು ದೇಶಗಳು ತಮ್ಮಲ್ಲಿ ಬಳಕೆಯಲ್ಲಿರುವ ರಾಸಾಯನಿಕಗಳದೊಂದು ದೊಡ್ಡ ಪಟ್ಟಿ ಇಟ್ಟುಕೊಂಡಿವೆ. ಪಟ್ಟಿಯಲ್ಲಿರುವುದು 'ಹಳೆಯದು', ಇಲ್ಲದ್ದು 'ಹೊಸದು'. ಹೊಸದನ್ನು ತಯಾರಿಸುವವರು ಮೊದಲೇ ಸರ್ಕಾರಕ್ಕೆ ತಿಳಿಸಿ, ವಿವರ ಕೊಟ್ಟು, ಒಪ್ಪಿಗೆಗೆ ಕಾಯಬೇಕು. ಹಾಗಾದರೆ ಹಳೆಯದರ ಪರೀಕ್ಷೆ ಯಾವಾಗ ಆಯಿತು? ಬಹುಪಾಲು ಆಗಲೇ ಇಲ್ಲ! ಅಮೆರಿಕ 1976ರಲ್ಲಿ ಕಾನೂನು ಮಾಡಿದಾಗ ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳು ಹಾಗೆಯೇ ಒಳಗೆ ಬಂದವು. ಯುರೋಪು 1981ರ ಸೆಪ್ಟೆಂಬರ್ 18ಕ್ಕೆ ಗೆರೆ ಎಳೆದು, ಅದರ ಹಿಂದಿನ ಒಂದು ಲಕ್ಷಕ್ಕೂ ಹೆಚ್ಚನ್ನು ಹಳೆಯದೆಂದು ಬರೆದುಕೊಂಡಿತು. ಹಳ್ಳಿ ಬಸ್ಸಿನ ಕಂಡಕ್ಟರು ಮೊದಲೇ ಕೂತವರನ್ನು ಬಿಟ್ಟು, ಮೆಟ್ಟಿಲ ಮೇಲೆ ನಿಂತವನನ್ನು ಮಾತ್ರ ಟಿಕೆಟ್ ಕೇಳಿದ ಹಾಗಾಯಿತು.

ಕೂತವರನ್ನು ಎಬ್ಬಿಸುವುದು ಎಷ್ಟು ಕಷ್ಟವೆಂದರೆ, ಅಮೆರಿಕದ ಪರಿಸರ ಇಲಾಖೆ 1989ರಲ್ಲಿ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ನಿಷೇಧಿಸಿತು. 1991ರಲ್ಲಿ ನ್ಯಾಯಾಲಯ ಆ ಆದೇಶದ ಬಹುಭಾಗವನ್ನು ತಳ್ಳಿಹಾಕಿತು. 2016ರಲ್ಲಿ ಕಾನೂನನ್ನೇ ತಿದ್ದಿ ಹಳೆಯವನ್ನೂ ಪರೀಕ್ಷಿಸಬೇಕೆಂದು ಮಾಡಿದ ಮೇಲೆ, 2024ರಲ್ಲಿ ಬಿಳಿ ಕಲ್ನಾರಿನ ನಿಷೇಧಕ್ಕೆ ಮತ್ತೆ ಆದೇಶ ಬಂತು. ಯುರೋಪು 2007ರಿಂದ ಹಳತು ಹೊಸತೆಂಬ ಭೇದ ಬಿಟ್ಟು, ಮಾಹಿತಿ ಕೊಡದಿದ್ದರೆ ಮಾರಾಟವಿಲ್ಲ ಎಂಬ ನಿಯಮ ತಂದಿತು. ಜಪಾನಿನ ಕಥೆ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರ. ಅಲ್ಲಿ 1968ರಲ್ಲಿ ಕಾರ್ಖಾನೆಯೊಂದರ ಅಕ್ಕಿ ತೌಡಿನ ಎಣ್ಣೆಗೆ ಪಿ.ಸಿ.ಬಿ. ಎಂಬ ರಾಸಾಯನಿಕ ಸೇರಿ ಸಾವಿರಾರು ಜನ ಕಾಯಿಲೆ ಬಿದ್ದರು. ಹೊಸ ರಾಸಾಯನಿಕಗಳನ್ನು ಮೊದಲೇ ಪರೀಕ್ಷಿಸುವ ಕಾನೂನು ಬಂದದ್ದು ಆಮೇಲೆ, 1973ರಲ್ಲಿ.

ನಮ್ಮಲ್ಲಿ? ಎಲ್ಲ ರಾಸಾಯನಿಕಗಳನ್ನೂ ಒಳಗೊಂಡ ಪಟ್ಟಿ ದಶಕಗಳ ಕಾಲ ಇರಲಿಲ್ಲ. ಅದಕ್ಕಾಗಿ ಕರಡು ನಿಯಮಗಳು ತಯಾರಾದದ್ದೇ 2020ರಲ್ಲಿ. ಕೀಟನಾಶಕಗಳಿಗೆ ಮಾತ್ರ 1968ರ ಕಾಯಿದೆ ಇದೆ, ನೋಂದಣಿ ಆಗದೆ ಮಾರುವಂತಿಲ್ಲ. ಆದರೆ ಒಮ್ಮೆ ನೋಂದಣಿ ಪುಸ್ತಕದಲ್ಲಿ ಕೂತದ್ದು ಬೇಗ ಏಳುವುದಿಲ್ಲ. ಮಾನೋಕ್ರೋಟೋಫಾಸನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲೇ ಆದೇಶವಾಯಿತು. ಹತ್ತಿಗೆ ಮಾತ್ರ ಬಳಕೆ ಮುಂದುವರಿಯಿತು. ತರಕಾರಿ ತಿನ್ನುವವರ ಚಿಂತೆ ಮಾಡಿದವರು ಬೆನ್ನ ಮೇಲೆ ಪಂಪು ಹೊತ್ತವರ ಚಿಂತೆ ಮಾಡಲಿಲ್ಲವಲ್ಲ! 2017ರಲ್ಲಿ ಇದೇ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ರೈತರು, ಕೂಲಿಗಳು ಸೇರಿ 20ಕ್ಕೂ ಹೆಚ್ಚು ಜನ ವಿಷವೇರಿ ಸತ್ತರು. ಕೇಳಿಬಂದ ಹಲವು ಔಷಧಿಗಳ ಹೆಸರುಗಳಲ್ಲಿ ಇದೂ ಒಂದು. ಇದನ್ನು ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ, ಅದೂ ಇದ್ದ ದಾಸ್ತಾನು ಮುಗಿಸಿಕೊಳ್ಳಲು ಕಾಲಾವಕಾಶ ಕೊಟ್ಟು.

ಕನ್ನಡಿಗರಿಗೆ ಇದು ಹೊಸ ನೋವಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು 2000ರಲ್ಲಿ ನಿಂತಿತು. ಎಣ್ಮಕಜೆ, ಪಡ್ರೆಯ ಕಡೆಯ ಮಕ್ಕಳ ಸ್ಥಿತಿಯನ್ನು ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅವರು ಹೊರಗೆ ತಂದದ್ದು ನಿಮಗೆ ನೆನಪಿರಬಹುದು. ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅದೂ ನೋಂದಣಿ ಪಡೆದ, ಕಾನೂನುಬದ್ಧ ವಸ್ತುವೇ ಆಗಿತ್ತು. ಹಳೆಯದರಿಂದ ಹಾನಿಯಾಗಿದೆ ಎಂದು ತೋರಿಸುವ ಭಾರವೆಲ್ಲ ಹಾನಿಗೊಳಗಾದವರ ತಲೆಯ ಮೇಲೆ ಬೀಳುತ್ತದೆ. ಹಾಸಿಗೆ ಹಿಡಿದ ಮಗುವಿನ ತಾಯಿ ಯಾವ ಪ್ರಯೋಗಾಲಯಕ್ಕೆ ಹೋಗಬೇಕು?

ಎಣ್ಣೆಯನ್ನು ನಾನು ಬಳಸಲಿಲ್ಲ. ಅವಳ ಮುಖ ಸಣ್ಣದಾಯಿತು. ಪಕ್ಕದಲ್ಲಿ ಕೂರಿಸಿಕೊಂಡು ತಲೆಬುರುಡೆ, ಕೆಂಪು ಬಣ್ಣ ತೋರಿಸಿ ವಿವರಿಸಿದೆ. ಇನ್ಯಾರೂ ಬಳಸದಿರಲೆಂದು ಡಬ್ಬಿಗೆ ಮೊಳೆಯಿಂದ ತೂತು ಹೊಡೆದೆವು. ಅಟ್ಟದಲ್ಲಿದ್ದ ಒಂದು ಸ್ಟೀಲ್ ಡಬ್ಬಿ ತೆಗೆದು ಅವಳ ಕೈಗಿಟ್ಟೆ. ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡುತ್ತಾ ನಿಂತಿದ್ದವಳು ಮೆಲ್ಲಗೆ ಕೇಳಿದಳು: ಊರಿನ ಮನೆಯಲ್ಲಿ ಅಂಥವು ಇನ್ನೂ ನಾಲ್ಕಿವೆ, ಒಂದರಲ್ಲಿ ಅತ್ತೆ ಉಪ್ಪು ತುಂಬಿಟ್ಟಿದ್ದಾಳೆ, ಫೋನ್ ಮಾಡಿ ಹೇಳಲೇ?